ಶಾಂತಕ್ಕನ ಪಾತಿಗೆ ನಾನು ಬಡಿಸಿದ ಉಪ್ಪು

ನಮ್ಮ ಬಾಲ್ಕನಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಇದೆ. ಈಗ ಅದರಲ್ಲಿ ಉಳ್ಳಾಗಡ್ಡಿ ಇಡುತ್ತೇವೆ. ಮನೆಗೆ ಬಂದವರು ಅದನ್ನು ನೋಡಿ ಏನೂ ಅಂದುಕೊಳ್ಳುವುದಿಲ್ಲ. ಉಳ್ಳಾಗಡ್ಡಿ ಟಬ್ಬು ನೋಡಿ ಯಾರಾದರೂ ಏನು ಅಂದುಕೊಂಡಾರು? ನಾನು ಮಾತ್ರ ಅದರ ಪಕ್ಕದಲ್ಲಿ ಹಾಯುವಾಗ ಪೊಲೀಸ್ ಠಾಣೆಯ ಮುಂದೆ ನಡೆಯುವವನ ಹಾಗೆ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ.

ಹೇಳಿಯೇ ಬಿಡುತ್ತೇನೆ. ಎರಡು ವರ್ಷ, ದಿನಾ ಸಂಜೆ, ಆ ಟಬ್ಬಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತವನು ನಾನು.

ಮರಾಠಿ ಸೀಮೆಯ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಇದ್ದದ್ದು. ಸಿಮೆಂಟಿನ ನೆಲದ ಮೇಲೆ ನಿಂತು, ಮುಂದೆ ಹಾಯ್ದು ಹೋಗುವ ಬೋಲ್ಟುಗಳನ್ನು ನೋಡುವುದು, ಸೊಟ್ಟ ಇದ್ದದ್ದನ್ನು ಎತ್ತಿ ಬೇರೆ ಡಬ್ಬಿಗೆ ಹಾಕುವುದು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅದಕ್ಕಿಂತ ಮರ್ಯಾದೆಯ ಕೆಲಸ ಸಿಗುವುದು ಕಷ್ಟವಿತ್ತು. ಆದರೆ ಇಷ್ಟು ವರ್ಷ ನಿಂತದ್ದರ ಸಿಟ್ಟನ್ನು ನನ್ನ ಹಿಮ್ಮಡಿಗಳು ನಿವೃತ್ತಿಯ ತನಕ ಕಾದಿಟ್ಟುಕೊಂಡಿದ್ದವು. ಬೆಳಿಗ್ಗೆ ಹಾಸಿಗೆಯಿಂದ ಕೆಳಗೆ ಕಾಲಿಟ್ಟರೆ ಮೊಳೆ ತುಳಿದ ಹಾಗೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅರ್ಧ ತಾಸು ಕಾಲು ಇಡಿ ಎಂದು ಡಾಕ್ಟರರು ಹೇಳಿದರು. ಒಂದು ಹಿಡಿ ಅಂದಿದ್ದರು. ಒಂದು ಹಿಡಿಯಿಂದ ಗುಣವಾಗುವುದು ಮೂರು ಹಿಡಿಯಿಂದ ಮೂರು ಪಟ್ಟು ಬೇಗ ಗುಣವಾದೀತು ಎಂದು ನಾನೇ ಲೆಕ್ಕ ಹಾಕಿಕೊಂಡೆ. ನಿಗಡಿಯ ನಮ್ಮ ಓಣಿಯ ಕಿರಾಣಿ ಅಂಗಡಿಯವನು ನನ್ನ ಚೀಲ ನೋಡಿ, “ಕಾಕಾ, ಲೋಣಚ್ಯಾಚಾ ಧಂದಾ ಸುರು ಕೇಲಾ ಕಾ?” ಎಂದು ಕೇಳತೊಡಗಿದ. ಉಪ್ಪಿನಕಾಯಿ ವ್ಯಾಪಾರ ಶುರು ಮಾಡಿದಿರೇನು ಎಂದು. ನಾನು ಹೌದೂ ಅನ್ನದೆ ಇಲ್ಲವೂ ಅನ್ನದೆ ನಗುತ್ತಿದ್ದೆ. ಕಾಲಿನ ವಿಷಯವನ್ನು ಅಂಗಡಿಯಲ್ಲಿ ಆಡುವುದು ನನಗೆ ಸೇರದು.

ಉಪ್ಪಿನ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಅಂಜುಬುರುಕ. ಬೈಲಹೊಂಗಲದ ನಮ್ಮ ಮನೆಯಲ್ಲಿ ಉಪ್ಪಿನ ಜಾಡಿ ಒಲೆಯ ಎಡಕ್ಕೆ ಇರುತ್ತಿತ್ತು. ನಮ್ಮ ಅಜ್ಜಿಗೆ ಮೊಮ್ಮಕ್ಕಳು ಹಾಲು ಚೆಲ್ಲಿದರೂ ನಡೆಯುತ್ತಿತ್ತು, ಉಪ್ಪು ಚೆಲ್ಲಿದರೆ ನಡೆಯುತ್ತಿರಲಿಲ್ಲ. “ಚೆಲ್ಲಿದ ಉಪ್ಪು ಸತ್ತ ಮ್ಯಾಲೆ ಕಣ್ಣೆವಿಲೆ ಆರಿಸಬೇಕಾಗ್ತದ, ತಿಳೀತಿಲ್ಲೋ?” ಎಂದು ಹೆದರಿಸುತ್ತಿದ್ದಳು. ಕಣ್ಣಿನ ರೆಪ್ಪೆಗೂದಲಿನಿಂದ, ಒಂದೊಂದೇ ಹರಳು. ಉಳಿದ ಹುಡುಗರು ನಕ್ಕು ಓಡಿಹೋಗುತ್ತಿದ್ದರು. ನಾನು ಹಾಗಲ್ಲ. ಮುಂದೆ ಮಾಡಲೇಬೇಕಾದ ಕೆಲಸವಾದರೆ ಈಗಲೇ ಕಲಿತಿಟ್ಟುಕೊಳ್ಳುವುದು ಒಳ್ಳೆಯದು ಎಂದು, ಯಾರೂ ಇಲ್ಲದಾಗ ಅಡುಗೆಮನೆಯಲ್ಲಿ ನಾಲ್ಕು ಹರಳು ಚೆಲ್ಲಿ, ಬೋರಲು ಮಲಗಿ, ಕಣ್ಣು ಪಿಳುಕಿಸಿ ಎತ್ತಲು ನೋಡಿದೆ. ಒಂದು ಹರಳು ಹತ್ತಿತು. ಹತ್ತಿದ್ದು ರೆಪ್ಪೆಗಲ್ಲ, ಕಣ್ಣಿನೊಳಗೆ. ಎರಡು ದಿನ ಸಾಲಿಗೆ ಹೋಗಲಿಲ್ಲ. ಕಣ್ಣು ಯಾಕೆ ಕೆಂಪಾಯಿತು ಎಂದು ಮಾಸ್ತರರು ಕೇಳಿದಾಗ ನಿಜ ಹೇಳಿದೆ. ಅವರು ನಂಬದೆ ಎರಡು ಏಟು ಕೊಟ್ಟರು. ನಿಜ ಹೇಳಿದರೆ ಏಟು ಬೀಳುತ್ತದೆ ಎಂಬ ಪಾಠವನ್ನು ಅಂದು ಕಲಿತವನು ಇಳಿವಯಸ್ಸಿನ ತನಕ ಮರೆಯಲಿಲ್ಲ ಎಂದರೆ ತಪ್ಪು ನನ್ನದೋ, ಮಾಸ್ತರರದೋ?

ಎಲ್ಲಿದ್ದೆ? ಹಾಂ, ಟಬ್ಬು.

ಕಾಲು ತೊಳೆದ ನೀರನ್ನು ಮೊದಮೊದಲು ಬಚ್ಚಲಿಗೇ ಸುರಿಯುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೊಸ ಟೈಲ್ಸು ಹಾಕಿಸಿದೆವು. ಉಪ್ಪುನೀರು ಬಿದ್ದರೆ ಕೊಳವೆಯ ಬಾಯಿಗೆ ತುಕ್ಕು ಹಿಡಿಯುತ್ತದೆ ಎಂದು ಪ್ಲಂಬರ್ ಹೇಳಿದ ಮೇಲೆ ನನ್ನ ಹೆಂಡತಿ ಕಮಲ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. “ಎಲ್ಲೆರೆ ಚೆಲ್ರಿ, ನನ್ನ ಟೈಲ್ಸಿನ ಮ್ಯಾಲೆ ಬ್ಯಾಡ್ರಿ.” ಎಲ್ಲೆರೆ ಎಂದರೆ ಬಾಲ್ಕನಿ. ನಮ್ಮದು ಮೊದಲನೆಯ ಮಹಡಿ. ಬಾಲ್ಕನಿಯ ಕೆಳಗೆ ಶಾಂತಕ್ಕನ ಪಾತಿ.

ಶಾಂತಕ್ಕ ನಮ್ಮ ಕೆಳಗಿನ ಮನೆಯವರು, ನರಗುಂದದ ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರು. ಮಗಳು ಅಳಿಯ ಮೊಮ್ಮಕ್ಕಳು ಎಲ್ಲ ಅದೇ ಮನೆಯಲ್ಲಿ. ಆ ಗದ್ದಲದಿಂದ ತಪ್ಪಿಸಿಕೊಳ್ಳಲು ಅವರು ಕಂಡುಕೊಂಡ ಜಾಗ ಗೋಡೆಯ ಬುಡದ ಆ ಪಾತಿ. ಎರಡು ಹಾಸಿಗೆ ಹಾಸುವಷ್ಟು ನೆಲ. ಅದರಲ್ಲಿ ಮೆಂತ್ಯ, ಪಾಲಕ್, ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಹಕ್ಕರಕಿ. ಮೊದಲ ಕೊಯ್ಲು ದೇವರಿಗೆ, ಆಮೇಲಿನದು ಇಡೀ ಕಟ್ಟಡಕ್ಕೆ. ಬಾಗಿಲು ಬಾಗಿಲಿಗೆ ಹೋಗಿ ಸೆರಗಿನಿಂದ ಸೊಪ್ಪು ತೆಗೆದು ಕೊಡುವಾಗ ಅವರ ಮುಖ ನೋಡಬೇಕಿತ್ತು. ಸೊಪ್ಪು ಕೊಡುವವರ ಹಾಗಲ್ಲ, ಜಮೀನು ದಾನ ಮಾಡುವವರ ಹಾಗೆ ಇರುತ್ತಿತ್ತು.

ಸಂಜೆ ಅವರು ಒಳಗೆ ದೀಪ ಹಚ್ಚಿ ಗಂಟೆ ಬಾರಿಸುತ್ತಿದ್ದರು. ಆ ಗಂಟೆಯ ಸದ್ದಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿರಲಿಲ್ಲ. ಹಾಗಾಗಿ ನಾನು ಟಬ್ಬು ಎತ್ತಿಕೊಂಡು, ಗಂಟೆಗಾಗಿ ಕಾದು, ಅದು ಮೊಳಗಿದ ಕೂಡಲೆ ಸುರಿಯುತ್ತಿದ್ದೆ. ಪೂಜೆಯಲ್ಲಿ ನನ್ನದೂ ಒಂದು ಪಾಲು ಎಂಬ ಹಾಗೆ. ಮೊದಲಿನ ಆರು ತಿಂಗಳು ನಾನು ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನಲ್ಲಿ ದಿನ ಬಿಟ್ಟು ದಿನ ಬರುವ ಊರಿನಲ್ಲಿ ಮುದುಕಿಯ ಗಿಡಕ್ಕೆ ಪುಕ್ಕಟೆ ನೀರು! ಆರು ತಿಂಗಳಾದ ಮೇಲಿನದಕ್ಕೆ ಅಜ್ಞಾನದ ನೆಪ ಹೇಳುವುದಿಲ್ಲ.

ಮೊದಲು ಮೆಂತ್ಯ ಹೋಯಿತು. ಆಮೇಲೆ ಹಕ್ಕರಕಿ ಅಂಚಿನಿಂದ ಸುಟ್ಟುಕೊಂಡು ಬಂತು. ಪಾಲಕ್ ಮಾತ್ರ ಬದುಕಿತು. ಬದುಕಿದ್ದಷ್ಟೇ ಅಲ್ಲ, ಅದಕ್ಕೊಂದು ರುಚಿ ಬಂತು. “ಮಾವಶಿ, ತುಮಚಾ ಪಾಲಕ್ ಮ್ಹಣಜೇ ಪಾಲಕ್!” ಎಂದು ನಮ್ಮ ಸೊಸೈಟಿಯ ಸೆಕ್ರೆಟರಿ ಕದಮ್ ಹೊಗಳಿದ. ಚಿಕ್ಕಮ್ಮಾ, ಪಾಲಕ್ ಅಂದರೆ ನಿಮ್ಮದೇ ಎಂದು. ಉಪ್ಪೇ ಹಾಕಬೇಕಿಲ್ಲವಂತೆ. ಡಾಕ್ಟರು ಅವನಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರು; ಹಾಗಾಗಿ ಅವನು ಉಪ್ಪು ಹಾಕದ ಈ ಪಾಲಕ್ಕನ್ನು ವಾರಕ್ಕೆ ಎರಡು ಕಟ್ಟು ಒಯ್ಯುತ್ತಿದ್ದ. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು ಆ ಹೊಗಳಿಕೆ ಕೇಳಿದೆ. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುರಿಕೊಂಡವು.

ಆಗಲೇ ಹೇಳಬಹುದಿತ್ತು. ಆದರೆ ಹೇಳುವುದು ಹೇಗೆ? “ನಿಮ್ಮ ಪಾತಿಗೆ ಉಪ್ಪುನೀರು ಹಾಕಿದೆ” ಎಂದರೆ ಮುಂದಿನ ಪ್ರಶ್ನೆ “ಎಂಥ ಉಪ್ಪುನೀರು?” ಎಂಬುದೇ. ಆ ಪ್ರಶ್ನೆಗೆ ಉತ್ತರ ಹೇಳಿದರೆ ಹದಿನಾರು ಮನೆಗಳು ನನ್ನ ಪಾದ ತೊಳೆದ ನೀರಿನಲ್ಲಿ ಬೆಳೆದದ್ದನ್ನು ತಿಂದಿವೆ ಎಂದು ಹೇಳಿದಂತೆ. ದೇವರ ನೈವೇದ್ಯದ ವಿಷಯವಂತೂ ನೆನೆಸಿಕೊಳ್ಳುವ ಧೈರ್ಯವೂ ಇರಲಿಲ್ಲ.

ಒಂದು ದಿನ ಶಾಂತಕ್ಕ ಒಣಗಿದ ಮೆಂತ್ಯದ ಗಿಡ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದರು.

“ಈರಪ್ಪಾರ, ನೀವರೆ ಹೇಳ್ರಿ. ಐವತ್ತು ವರ್ಷ ಮಣ್ಣಾಗ ಕೈ ಆಡಸೀನಿ. ಹಿಂಗ ಎಂದೂ ಆಗಿಲ್ಲ. ಯಾರದರೆ ಕಣ್ಣು ಬಿದ್ದದೇನ್ರಿ?”

ಅಲ್ಲಿ ನನ್ನ ಬಾಯಿಂದ ಬಂದ ಮಾತಿಗೆ ನಾನು ಇವತ್ತಿಗೂ ನಾಚುತ್ತೇನೆ. “ಬಿದ್ದಿರಬೇಕ್ರಿ ಅಕ್ಕಾ,” ಎಂದೆ. “ದೃಷ್ಟಿ ತೆಗೀರಿ.”

“ಹ್ಯಾಂಗ ತೆಗೀಲಿ? ಮಕ್ಕಳಿಗೆ ಉಪ್ಪು ಇಳಿಸಿ ಒಲ್ಯಾಗ ಹಾಕ್ತೀವಿ. ಈಗ ಗ್ಯಾಸಿನ ಒಲ್ಯಾಗ ಉಪ್ಪು ಹಾಕಿದ್ರ ಮಗಳು ನನ್ನೇ ಹೊರಗ ಹಾಕ್ತಾಳ.”

“ನೀರಾಗ ಕರಗಿಸಿ ಬುಡಕ್ಕ ಹಾಕಿಬಿಡ್ರಿ.”

ಅವರು ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಹಿಡಿ ತುಂಬ ಉಪ್ಪು ತೆಗೆದುಕೊಂಡು ಪಾತಿಯ ಸುತ್ತ ಮೂರು ಸಲ ಸುತ್ತಿ, ಚೊಂಬಿನಲ್ಲಿ ಕರಗಿಸಿ, ಒಂದೊಂದು ಗಿಡದ ಬುಡಕ್ಕೂ ಭಕ್ತಿಯಿಂದ ಹಾಕತೊಡಗಿದರು. ಮೇಲಿನಿಂದ ನಾನು, ಕೆಳಗಿನಿಂದ ಅವರು. ಗಿಡಗಳು ಸಾಯುತ್ತ ಹೋದಷ್ಟೂ ಕಣ್ಣು ಬಲವಾದದ್ದು ಎಂದು ಅವರು ಉಪ್ಪು ಹೆಚ್ಚಿಸಿದರು. ಕೊನೆಗೆ ಪಾಲಕ್ಕೂ ಕೈ ಚೆಲ್ಲಿತು.

ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಪುಡಿ ಎದ್ದಿತು. ಇನ್ನು ಗುಟ್ಟು ಬಯಲಾಯಿತು ಎಂದುಕೊಂಡೆ. ಆಗಲಿಲ್ಲ. ಎರಡನೆಯ ಮಹಡಿಯ ಒಬ್ಬ ಹೆಣ್ಣುಮಗಳು ಅದನ್ನು ನೋಡಿ ಕೈ ಮುಗಿದರು. ನೆಲದಿಂದ ವಿಭೂತಿ ಎದ್ದಿದೆ ಎಂದು ಸುದ್ದಿಯಾಯಿತು. ಮರುದಿನ ನಾನು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾಗ ಕಮಲ ಬಂದು ನನ್ನ ಹಣೆಗೆ ಏನೋ ಒತ್ತಿದಳು.

“ಏನಿದು?”

“ಶಾಂತಕ್ಕನ ಪಾತ್ಯಾಗಿಂದು. ಕಾಲಿಗೂ ಸ್ವಲ್ಪ ಹಚ್ಚಲಿ ಏನ್ರಿ? ನೋವು ಹೋದರೂ ಹೋದೀತು.”

ನನ್ನ ಕಾಲಿನಿಂದ ಇಳಿದದ್ದು ನನ್ನ ಹಣೆಗೆ ಏರಿತ್ತು. ಅಂದಿನಿಂದ ನಾನು ಟಬ್ಬು ಮುಟ್ಟಲಿಲ್ಲ. ಹಿಮ್ಮಡಿ ನೋಯಿತು. ನೋಯಲಿ ಎಂದು ಬಿಟ್ಟೆ. ಆದರೆ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಸೊಸೈಟಿಯ ಹಲಗೆಯ ಮೇಲೆ ನೋಟಿಸು ಬಂತು. ಗೋಡೆಯ ಬುಡದ ಜಾಗ ಬೋಳಾಗಿ ಬಿದ್ದಿದೆ; ಮಳೆಗಾಲ ಮುಗಿಯುವುದರೊಳಗೆ ಅಲ್ಲಿ ಹಸಿರು ಕಾಣದಿದ್ದರೆ ಸಿಮೆಂಟಿನ ಬ್ಲಾಕು ಹಾಸಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡಲಾಗುವುದು. ಕದಮ್‌ನ ಸಹಿ. ಶಾಂತಕ್ಕ ಆ ನೋಟಿಸಿನ ಮುಂದೆ ನಿಂತಿದ್ದನ್ನು ನಾನು ನೋಡಿದೆ. ಅವರಿಗೆ ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ಆ ಬೋಳು ಪಾತಿಯ ಅಂಚಿಗೆ ಹೋಗಿ, ಅಲ್ಲಿ ಕೀಳಲು ಏನೂ ಇಲ್ಲದಿದ್ದರೂ ಕಳೆ ಕೀಳುವವರ ಹಾಗೆ ಕುಕ್ಕರುಗಾಲಿನಲ್ಲಿ ಕೂತರು.

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಒಂದು ಮಹಡಿ ಇಳಿದು ಮೂರು ಮಾತು ಆಡುತ್ತಾನೆ. ನಾನು ಬಾರಾಮತಿಯ ಬಸ್ಸು ಹತ್ತಿದೆ.

ಬಾರಾಮತಿಯ ಹತ್ತಿರ ನನ್ನ ಕಾರ್ಖಾನೆಯ ಗೆಳೆಯ ಬಾಳಾಸಾಹೇಬನ ಹೊಲ ಇದೆ. ಅವರ ಅಪ್ಪನ ಕಾಲದಲ್ಲಿ ಕಬ್ಬಿಗೆ ಕಾಲುವೆ ನೀರನ್ನು ಮಿತಿಯಿಲ್ಲದೆ ಹಾಯಿಸಿ ಹಾಯಿಸಿ, ಅಡಿಯ ಉಪ್ಪೆಲ್ಲ ಮೇಲೆದ್ದು, ಒಂದು ತುಂಡು ನೆಲ ಸವುಳಾಗಿ ಬಿದ್ದಿತ್ತು. ಆ ಸವುಳಿನಲ್ಲೂ ಏನೋ ಹಸಿರಾಗಿ ಬೆಳೆಯುತ್ತದೆ ಎಂದು ಅವನು ಹಿಂದೊಮ್ಮೆ ಹೇಳಿದ್ದು ನನಗೆ ನೆನಪಿತ್ತು. ಹೋಗಿ ನೋಡಿದರೆ ನಿಜ. ಸುತ್ತ ಬೆಳ್ಳಗೆ ನೆಲ; ನಡುನಡುವೆ ನೆಲಕ್ಕೆ ಅಂಟಿಕೊಂಡ, ದಪ್ಪ ಎಲೆಯ, ಕೆಂಪು ಕಾಂಡದ ಕುಳ್ಳ ಗಿಡಗಳು. ಗೋಳಿ ಸೊಪ್ಪಿನ ದೂರದ ಸಂಬಂಧಿಯ ಹಾಗೆ ಕಾಣುತ್ತಿದ್ದವು. ಹೆಸರೇನು ಎಂದು ಕೇಳಿದೆ. “ಯಾರೂ ಬಿತ್ತದ್ದಕ್ಕೆ ಹೆಸರು ಯಾರು ಇಡ್ತಾರೆ?” ಎಂದ ಅವನು ಮರಾಠಿಯಲ್ಲಿ. ಒಂದು ಎಲೆ ಹಿಸುಕಿ ನನ್ನ ಬಾಯಿಗೆ ಹಾಕಿದ. ಉಪ್ಪುಪ್ಪು.

ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಸಂಜೆಯ ಗಂಟೆ ಮೊಳಗಿದಾಗ ಬಾಲ್ಕನಿಯಿಂದ ಉದುರಿಸಿದೆ. ಹಳೆಯ ಅಭ್ಯಾಸ.

ಒಂದು ವಾರ ಏನೂ ಹುಟ್ಟಲಿಲ್ಲ. ಎರಡು ವಾರ ಏನೂ ಇಲ್ಲ. ಉಪ್ಪು ಸಾಲದೇನೋ ಎಂಬ ವಿಚಾರವೂ ನನಗೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಾಳಾಸಾಹೇಬನಿಗೆ ಫೋನು ಮಾಡಿದೆ. ಅವನು ನಕ್ಕ. “ಅರೇ ಈರಪ್ಪಾ, ಸವುಳಿನಲ್ಲಿ ಬೆಳೆಯುವ ಗಿಡವಾದರೂ ಮೊಳಕೆ ಒಡೆಯಲು ಅದಕ್ಕೂ ಸಿಹಿನೀರೇ ಬೇಕು. ಉಪ್ಪು ಜಾಸ್ತಿ ಇದ್ದರೆ ಬೀಜ ಸಾಯೋದಿಲ್ಲ, ಸುಮ್ಮನೆ ಬಿದ್ದಿರ್ತದೆ. ಒಳ್ಳೆ ಮಳೆ ಬಂದು ಮೇಲಿನ ಉಪ್ಪು ಕೆಳಗೆ ಇಳಿದರೆ ಎರಡೇ ದಿನದಲ್ಲಿ ಏಳ್ತದೆ. ಮತ್ತೆ ಉಪ್ಪು ಮೇಲೆ ಬರೋದರೊಳಗೆ ಬೇರು ಬಿಟ್ಟು ದೊಡ್ಡದಾಗಿರ್ತದೆ. ಆಮೇಲೆ ಅದಕ್ಕೆ ಯಾರ ಹೆದರಿಕೆ?”

ನನಗೆ ಆ ಬೀಜಗಳ ಮೇಲೆ ಮರ್ಯಾದೆ ಹುಟ್ಟಿತು. ಸುಮ್ಮನೆ ಬಿದ್ದಿರುವುದು ನನಗೂ ಬರುತ್ತಿತ್ತು. ಏಳುವುದು ಬರುತ್ತಿರಲಿಲ್ಲ.

ಮಳೆ ಬಂತು. ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಪಾತಿಯ ತುಂಬ ಸಾಸಿವೆಯಷ್ಟು ಚಿಕ್ಕ ಕೆಂಪು ಹಸಿರು ಚುಕ್ಕೆಗಳು. ತಿಂಗಳೊಳಗೆ ನೆಲ ಕಾಣದಂತೆ ಹಬ್ಬಿದವು. ಕದಮ್ ಕಮಿಟಿಯನ್ನು ಪಾತಿಯ ಬಳಿಯೇ ಸೇರಿಸಿದ. ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನಾನು ನೋಡಲು ನಿಂತವನ ಹಾಗೆ ಕಂಬಕ್ಕೆ ಒರಗಿ ನಿಂತೆ. ಎಲ್ಲ ನನ್ನ ಯೋಜನೆಯಂತೆಯೇ ನಡೆದಿತ್ತು.

ಕದಮ್ ಕೇಳಿದ: “ಮಾವಶಿ, ಇದು ನೀವು ಹಾಕಿದ ಗಿಡ ಹೌದಲ್ಲ? ಹೌದು ಅಂದುಬಿಡಿ, ಬರೆದುಕೊಂಡು ಮುಗಿಸ್ತೀನಿ.”

ಅವನೂ ಕೆಟ್ಟವನಲ್ಲ, ಪಾಲಕ್ಕಿನ ಋಣ ಇತ್ತು. ಹೌದು ಎಂದು ಒಂದು ಮಾತು ಸಾಕಿತ್ತು. ಶಾಂತಕ್ಕ ಗಿಡಗಳನ್ನು ನೋಡಿದರು, ಅವನನ್ನು ನೋಡಿದರು.

“ಇಲ್ಲಪ್ಪಾ,” ಎಂದು ಮರಾಠಿಯಲ್ಲಿ ಹೇಳಿದರು. “ನಾನು ಹಾಕಿಲ್ಲ. ಇದು ಏನಂತನೂ ನನಗೆ ಗೊತ್ತಿಲ್ಲ. ನಂದಲ್ಲದ್ದಕ್ಕ ನಂದು ಅಂತ ಹ್ಯಾಂಗ ಅನ್ನಲಿ?”

“ಹಾಗಾದರೆ ಇದು ಕಳೆ ಆಯಿತಲ್ಲ ಮಾವಶಿ. ಕಳೆ ಇದ್ದರೆ ಅದು ತೋಟ ಆಗೋದಿಲ್ಲ.”

“ಆಗೂದಿಲ್ಲ,” ಎಂದರು ಶಾಂತಕ್ಕ. “ಹಾಸ್ರಿ ನಿಮ್ಮ ಬ್ಲಾಕು.”

ಕದಮ್ ಪೆನ್ನು ತೆಗೆದ. ಮುದುಕಿ ತನ್ನ ನೆಲ ಉಳಿಸಿಕೊಳ್ಳಲು ಒಂದು ಸಣ್ಣ ಸುಳ್ಳು ಹೇಳಲಿಲ್ಲ. ನಾನು ನನ್ನ ಕಾಲು ಉಳಿಸಿಕೊಳ್ಳಲು ಎರಡು ವರ್ಷ ಸುಳ್ಳಿನ ಮೇಲೆ ನಿಂತಿದ್ದೆ. ಕಂಬ ಬಿಟ್ಟು ಮುಂದೆ ಬಂದೆ.

“ಆ ಬೀಜ ಹಾಕಿದವ ನಾನು,” ಎಂದೆ.

“ನೀವಾ ಕಾಕಾ? ಯಾಕೆ?”

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಹಿಮ್ಮಡಿ, ಡಾಕ್ಟರು, ಮೂರು ಹಿಡಿ, ಟೈಲ್ಸು, ಟಬ್ಬು, ಗಂಟೆ, ದೃಷ್ಟಿ, ಎಲ್ಲವನ್ನೂ ಹೇಳಿದೆ. ನನ್ನ ಮರಾಠಿ ಅಂದು ಹರಿದಷ್ಟು ಸಲೀಸಾಗಿ ಎಂದೂ ಹರಿದಿರಲಿಲ್ಲ. ಮುಗಿಸಿದಾಗ ಒಬ್ಬೊಬ್ಬರ ಮುಖದಲ್ಲಿ ಒಂದೊಂದು ಊಟ ನೆನಪಾಗುತ್ತಿರುವುದು ಕಾಣುತ್ತಿತ್ತು.

“ಕಾಕಾ,” ಎಂದ ಕದಮ್, “ಇದು ಎಷ್ಟು ವರ್ಷ ನಡೀತು?”

“ಎರಡು ವರ್ಷ.”

“ಪಾಲಕ್ ಇದ್ದಾಗಲೂ?”

“ಹೌದು.”

ಅವನು ಗೋಡೆಯ ಕಡೆ ತಿರುಗಿ ನಿಂತ. ಎರಡನೆಯ ಮಹಡಿಯ ಆ ಹೆಣ್ಣುಮಗಳು ಸೆರಗಿನಿಂದ ಹಣೆ ಒರೆಸಿಕೊಳ್ಳತೊಡಗಿದರು. ಕಮಲ ಎದ್ದು ಮನೆಗೆ ಹೋದಳು. ಬಾಗಿಲು ಹಾಕಿದ ಸದ್ದು ಕೆಳಗಿನ ತನಕ ಕೇಳಿತು. ಯಾರೋ ಒಬ್ಬರು ಹೇಳಿದರು, ಈ ಜಾಗ ಮೊದಲು ಸಿಮೆಂಟಿನಿಂದ ಮುಚ್ಚಿಬಿಡಿ ಎಂದು. ಎಲ್ಲರೂ ಹೌದು ಹೌದು ಎಂದರು.

ಆಗ ಶಾಂತಕ್ಕ ಕೋಲು ಊರಿಕೊಂಡು ಎದ್ದರು. “ಯಾಕ? ತಪ್ಪು ನೆಲದ್ದೇನು? ನೆಲಕ್ಕ್ಯಾಕ ಶಿಕ್ಷಾ? ಶಿಕ್ಷಾ ಈ ಮನಶ್ಯಾಗ ಕೊಡ್ರಿ.” ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದರು. ಆದರೆ ಕೋಲು ನನ್ನ ಕಡೆ ತೋರಿಸಿದ್ದರಿಂದ ಕಮಿಟಿಗೆ ಭಾಷಾಂತರ ಬೇಕಾಗಲಿಲ್ಲ.

ಶಿಕ್ಷೆ ಹೀಗೆ ಬರೆಯಲ್ಪಟ್ಟಿತು: ಮುಂದಿನ ಬೇಸಿಗೆಯೊಳಗೆ ಈ ಸದಸ್ಯರು ಸ್ವಂತ ಕೈಯಿಂದ ನೆಲವನ್ನು ಮೊದಲಿನಂತೆ ಮಾಡತಕ್ಕದ್ದು, ಮೆಂತ್ಯ ಬೆಳೆದರೆ ಪಾತಿ ಉಳಿಯುವುದು, ಬೆಳೆಯದಿದ್ದರೆ ಬ್ಲಾಕು.

ಬಾಳಾಸಾಹೇಬ ಫೋನಿನಲ್ಲಿ ದಾರಿ ಹೇಳಿಕೊಟ್ಟ. ಆ ಗಿಡಗಳು ಉಪ್ಪನ್ನು ಎಲೆಯೊಳಗೆ ತುಂಬಿಕೊಂಡಿರುತ್ತವೆ, ಕೊಯ್ದು ದೂರ ಎಸೆ. ನೀರು ಹರಿದುಹೋಗಲು ಪಕ್ಕದಲ್ಲಿ ಕಾಲುವೆ ತೋಡು. ಆಮೇಲೆ ಸಿಹಿನೀರು ಹಾಕುತ್ತಲೇ ಇರು. ಅದರಂತೆ ಗಿಡ ಕೊಯ್ದೆ, ಕಾಲುವೆ ತೋಡಿದೆ, ಬೆಳಿಗ್ಗೆ ನಲ್ಲಿ ಬಂದ ದಿನ ಕೊಡ ಹೊತ್ತೆ. ಕೊಯ್ದ ಜಾಗದಲ್ಲಿ ಅವು ಮತ್ತೆ ಹುಟ್ಟಿದವು, ಮತ್ತೆ ಕೊಯ್ದೆ. ಒಂದು ಸಲ ಹುಟ್ಟಲು ಕಲಿತದ್ದಕ್ಕೆ ಬೇಡ ಎಂದು ಹೇಳುವುದು ಸುಲಭವಲ್ಲ.

ಶಾಂತಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. “ಆ ಮೂಲಿ ಬಿಟ್ಟಾರ, ನೋಡು. ಕಣ್ಣು ಕಾಣೂದಿಲ್ಲೇನೋ ಪಾಪ.” ಗೋಡೆ ಸುಮ್ಮನಿರುತ್ತಿತ್ತು, ನಾನು ಆ ಮೂಲೆಗೆ ಕೊಡ ಒಯ್ಯುತ್ತಿದ್ದೆ. ಸೋಮವಾರಕ್ಕೊಮ್ಮೆ ಪರೀಕ್ಷೆ. ಒಂದು ಚಿಟಿಕೆ ಮಣ್ಣು ತೆಗೆದು ನಾನು ನಾಲಿಗೆಗೆ ಹಚ್ಚಿಕೊಂಡು ಉಪ್ಪಿದೆಯೋ ಇಲ್ಲವೋ ಹೇಳಬೇಕು. ಹೇಳಿದ ಮೇಲೆ ಅವರೂ ಅದೇ ಜಾಗದ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು, ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುತ್ತಿದ್ದರು. ನನ್ನ ಮಾತಿಗೆ ಬೆಲೆ ಅಷ್ಟಕ್ಕೆ ಇಳಿದಿತ್ತು. ಒಬ್ಬ ಮುದುಕನ ಸತ್ಯವನ್ನು ಒಬ್ಬ ಮುದುಕಿ ಮಣ್ಣು ತಿಂದು ಪರೀಕ್ಷಿಸುವುದನ್ನು ಕಟ್ಟಡದ ಮಕ್ಕಳು ಸಾಲಿಗೆ ಹೋಗುವಾಗ ನಿಂತು ನೋಡುತ್ತಿದ್ದರು. “ಇನ್ನೂ ಅದ್ರಿ,” ಎನ್ನುತ್ತಿದ್ದೆ ನಾನು. ಅವರು ಚಪ್ಪರಿಸಿ, ತುಪ್ಪಿ, “ಅದ,” ಎಂದು ಗೋಡೆಗೆ ಹೇಳುತ್ತಿದ್ದರು.

ಹಾಗೆ ಮಳೆಗಾಲ ಹೋಯಿತು, ಚಳಿಗಾಲ ನಡೆದಿತ್ತು. ಹೋದ ಸೋಮವಾರ ನಾಲ್ಕು ಮೂಲೆಯ ಮಣ್ಣನ್ನೂ ನಡುವಿನದನ್ನೂ ನಾಲಿಗೆಗೆ ಹಚ್ಚಿಕೊಂಡೆ. ಮತ್ತೊಮ್ಮೆ ನೋಡಿದೆ. ಬರೀ ಮಣ್ಣಿನ ರುಚಿ.

“ಇಲ್ಲರಿ ಅಕ್ಕಾ,” ಎಂದೆ. “ಸಪ್ಪಗದ.”

ಶಾಂತಕ್ಕ ಕುರ್ಚಿಯಿಂದ ಎದ್ದು ಬಂದರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದರು. ಬಾಯಿಯ ಹತ್ತಿರ ಒಯ್ದರು. ಬೆರಳು ತುಟಿಯ ಮುಂದೆ ನಿಂತಿತು. ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಮಣ್ಣನ್ನು ತಿನ್ನದೆ, ಬೆರಳು ಉಜ್ಜಿ, ನೆಲಕ್ಕೇ ಉದುರಿಸಿದರು. ಸೊಂಟದಿಂದ ಸಣ್ಣ ಗಂಟು ತೆಗೆದು ಬಿಚ್ಚಿದರು. ಒಳಗೆ ಮೆಂತ್ಯದ ಕಾಳು ಇದ್ದವು.

“ಈರಪ್ಪಾರ,” ಎಂದರು, ಗೋಡೆಗಲ್ಲ, ನನಗೆ. “ಸ್ವಲ್ಪ ಅತ್ತಾಗ ಸರೀರಿ. ಬೀಜ ಬೀಳೂ ಜಾಗಾ ಅದು.”